ಟೈರ್ ಬಿಲ್ಲಿನಲ್ಲಿ ಪೂರ್ತಿ ವಿವರ ನಮೂದಾಗಲಿ

ಮಾನ್ಯ ಸಂಪಾದಕರೇ,

ಕಾರಿಗೆ ಹೊಸ ಟೈರ್ ಹಾಕಿಸಿದಾಗ ಅಂಗಡಿಯವರು ಕೊಡುವ ಬಿಲ್ಲಿನಲ್ಲಿ ಎಷ್ಟೋ ಸಲ ಕಂಪನಿಯ ಹೆಸರು, '185/65 ಆರ್ 15' ಎಂಬ ಅಳತೆ ಹಾಗೂ ಬೆಲೆ ಮಾತ್ರ ಇರುತ್ತವೆ. ಟೈರಿನ ಪಕ್ಕದಲ್ಲಿ ಈ ಅಳತೆಯ ಮುಂದೆಯೇ ಅಚ್ಚಾಗಿರುವ '88 ಎಚ್' ಎಂಬ ಭಾಗ ಬಿಲ್ಲಿಗೆ ಬರುವುದಿಲ್ಲ. ಇದು ಸಣ್ಣ ಲೋಪವಲ್ಲ.

185 ಎಂಬುದು ಮಿಲಿಮೀಟರ್‌ನಲ್ಲಿ ಟೈರಿನ ಅಗಲ. 65 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟು. 'ಆರ್' ರೇಡಿಯಲ್ ರಚನೆಯ ಗುರುತು, 15 ಇಂಚು ರಿಮ್ಮಿನ ವ್ಯಾಸ. 88 ಭಾರದ ಸಂಕೇತವಾಗಿದ್ದು, ಸರಿಯಾದ ಗಾಳಿಯಿರುವ ಒಂದು ಟೈರ್ 560 ಕೆ.ಜಿ.ವರೆಗೆ ಹೊರಬಲ್ಲದು ಎಂದು ಹೇಳುತ್ತದೆ. 82 ಎಂದಿದ್ದರೆ ಆ ಮಿತಿ 475 ಕೆ.ಜಿ.ಗೆ ಇಳಿಯುತ್ತದೆ. ಕೊನೆಯ ಅಕ್ಷರ ಗರಿಷ್ಠ ವೇಗದ್ದು: ಗಂಟೆಗೆ 'ಎಸ್' 180, 'ಟಿ' 190, 'ಎಚ್' 210, 'ವಿ' 240 ಕಿ.ಮೀ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಮಿತಿ 100 ಕಿ.ಮೀ. ಇರುವಾಗ 210ರ ಟೈರ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಈ ಅಕ್ಷರ ವೇಗವಾಗಿ ಓಡಿಸಲು ಕೊಟ್ಟ ಅನುಮತಿಯಲ್ಲ, ಓಟದಲ್ಲಿ ಹುಟ್ಟುವ ಶಾಖವನ್ನು ತಾಳಿಕೊಳ್ಳುವ ಶಕ್ತಿಯ ಅಳತೆ. ಗಾಳಿ ಕಡಿಮೆಯಿದ್ದಾಗ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ಬಿಸಿಯಾಗುತ್ತದೆ. ಅದರೊಂದಿಗೆ ಐದು ಜನ, ಡಿಕ್ಕಿ ತುಂಬ ಲಗೇಜು, ಏಪ್ರಿಲ್‌ನ ಬಿಸಿಲು ಸೇರಿದರೆ, ಸುಸ್ಥಿತಿಯ ಟೈರಿಗೆಂದು ನಿಗದಿಪಡಿಸಿದ ಆ ಶಕ್ತಿ ಬೇಗ ಕರಗುತ್ತದೆ. ಆದ್ದರಿಂದ 'ಸೈಜ್ ಅದೇ ಸಾರ್' ಎಂಬ ಮಾತನ್ನು ನಂಬಿ ಕಡಿಮೆ ಭಾರದ ಅಥವಾ ಕಡಿಮೆ ವೇಗದ ಟೈರ್ ಹಾಕಿಸಿಕೊಳ್ಳುವುದು ಅಪಾಯಕರ.

ನೋಟಕ್ಕೆಂದು ಅಗಲದ ಟೈರ್ ಹಾಕಿಸುವವರೂ ಗಮನಿಸಬೇಕು. 185ರ ಜಾಗದಲ್ಲಿ 205/65 ಆರ್ 15 ಹಾಕಿದರೆ ಚಕ್ರದ ವ್ಯಾಸ 26 ಮಿ.ಮೀ. ಹೆಚ್ಚಿ, ಸ್ಪೀಡೋಮೀಟರ್ ಮೊದಲಿಗಿಂತ ಸುಮಾರು ಶೇ 4ರಷ್ಟು ಕಡಿಮೆ ವೇಗ ತೋರಿಸುತ್ತದೆ. ಕಾರಿಗೆ ಒಪ್ಪುವ ಅಳತೆ ಮತ್ತು ಗಾಳಿಯ ಒತ್ತಡದ ವಿವರ ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ.

ಟೈರ್ ಮಾರುವವರು ಭಾರ ಹಾಗೂ ವೇಗದ ಸಂಕೇತಗಳನ್ನೂ, ತಯಾರಿಕೆಯ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿಗಳನ್ನೂ (2324 ಎಂದರೆ 2024ರ 23ನೇ ವಾರ) ಬಿಲ್ಲಿನಲ್ಲಿ ಬರೆಯುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಕಲಿಕಾ ಪರವಾನಗಿ ಪರೀಕ್ಷೆಯಲ್ಲಿ ಈ ಗುರುತುಗಳ ಬಗ್ಗೆ ಪ್ರಶ್ನೆ ಕೇಳುವಂತೆಯೂ ಸಾರಿಗೆ ಇಲಾಖೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಓದುಗ, ಮಂಡ್ಯ