ಮಗಳಿಗೊಂದು ಪತ್ರ: ಬಾಡದ ಬೀಚಿಂದ ಅಘನಾಶಿನಿವರೆಗೆ

ಪುಟ್ಟಿ,

ಕುಮಟಾ ಹತ್ರದ ಬಾಡದಿಂದ ನಿನ್ನೆ ರಾತ್ರಿ ಮನೆ ಸೇರಿದ್ವಿ. ಫೋನಲ್ಲಿ ನೀನು ಹೇಗಿತ್ತಮ್ಮ ವಿಲ್ಲಾ ಅಂತ ಕೇಳ್ದಾಗ ಚೆನ್ನಾಗಿತ್ತು ಅಂದ್ಬಿಟ್ಟೆ, ಆದ್ರೆ ನಂಗೆ ಹೇಳ್ಬೇಕಾಗಿದ್ದು ವಿಲ್ಲಾ ವಿಷ್ಯ ಅಲ್ಲ, ಅದಕ್ಕೇ ಕೂತು ಬರೀತಿದೀನಿ. ಮನೆ ನೀಟಾಗಿತ್ತು, ಸ್ವಿಮ್ಮಿಂಗ್ ಪೂಲು, ಎಸಿ, ಬಾಲ್ಕನೀಲಿ ಕೂತ್ರೆ ಸಮುದ್ರ, ಎಲ್ಲಾ ನೀನು ಫೋಟೋದಲ್ಲಿ ತೋರಿಸಿದ ಹಾಗೇ. ಮೂರು ದಿನ ಎಲ್ಲೂ ಸುತ್ಬೇಡಿ ರೆಸ್ಟ್ ಮಾಡಿ ಅಂದಿದ್ದೆ. ಅಪ್ಪ ಮೊದಲ್ನೇ ದಿನ ಮಧ್ಯಾಹ್ನವೇ ಚಪ್ಪಲಿ ಮೆಟ್ಕೊಂಡು ಹೊರಟ್ರು.

ಕುಮಟಾದಿಂದ ಬಾಡ, ಕಾಗಾಲ ದಾಟಿ ಆ ರಸ್ತೇಲಿ ಹಾಗೇ ಹೋದ್ರೆ ಕೊನೇಲಿ ಅಘನಾಶಿನಿ ಅನ್ನೋ ಊರೇ ಇದೆ, ಅಲ್ಲೇ ನದಿ ಸಮುದ್ರ ಸೇರೋದು. ಶಿರಸಿ ಹತ್ರ ಶಂಕರಹೊಂಡದಲ್ಲಿ ಹುಟ್ಟಿ ಸುಮಾರು 124 ಕಿಲೋಮೀಟರ್ ಹರಿದು ಬರೋ ನದಿ, ದಾರೀಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಮಂಡ್ಯ ಮೈಸೂರು ಕಡೆಯವರಾದ ನಮಗೆ ನದಿ ಅಂದ್ರೆ ಡ್ಯಾಮೇ ಮೊದ್ಲು ನೆನಪಾಗೋದಲ್ವಾ, ಯಾರೂ ತಡೀದೇ ಬಂದ ನದಿ ಕಡಲಿಗೆ ಸೇರೋದನ್ನ ನಾನು ಈ ವಯಸ್ಸಲ್ಲಿ ಮೊದಲ್ನೇ ಸಲ ನೋಡಿದ್ದು, ಸುಮಾರು ಹೊತ್ತು ಮಾತೇ ಬರ್ಲಿಲ್ಲ ನಂಗೆ.

ಎರಡ್ನೇ ದಿನ ಬೆಳಿಗ್ಗೆ ಇಳಿತ ಇತ್ತು. ನೀರು ಹಿಂದಕ್ಕೆ ಸರಿದು ಎಷ್ಟೋ ದೂರ ಬರೀ ಕೆಸರು, ಅದರಲ್ಲಿ ಹತ್ತಿಪ್ಪತ್ತು ಜನ ಹೆಂಗಸ್ರು ಸೀರೆ ಮೇಲಕ್ಕೆ ಕಟ್ಟಿ ಬಳಚು, ಅಂದ್ರೆ ಕೆಸರಲ್ಲಿ ಹುದುಗಿರೋ ಚಿಪ್ಪುಮೀನು, ಆರಿಸ್ತಿದ್ರು. ಕಣ್ಣಿಗೆ ಏನೂ ಕಾಣಲ್ಲ ಪುಟ್ಟಿ, ಪಾದದಲ್ಲೇ ಹುಡುಕ್ತಾರೆ, ಕಾಲಿಗೆ ಗಟ್ಟಿ ಅಂತ ತಗಲಿದ ಕೂಡ್ಲೇ ಬಗ್ಗಿ ಕೈ ಹಾಕಿ ತೆಗೆದು ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕೋದು. ಒಬ್ರು ನನ್ನನ್ನ ಕರೆದು ನಿಲ್ಲಿಸಿ ಹಿಮ್ಮಡಿ ಊರಬೇಡಿ, ಬೆರಳು ಆಡಿಸಿ ಅಂತ ಹೇಳ್ಕೊಟ್ರು. ಅರ್ಧ ಗಂಟೇಲಿ ನಂಗೆ ಸಿಕ್ಕಿದ್ದು ಏಳು. ಅವ್ರ ಚೀಲ ಆಗ್ಲೇ ತುಂಬಿತ್ತು. ಮರುದಿನವೂ ಅದೇ ಹೊತ್ತಿಗೆ ಬರ್ತೀನಿ ಅಂದ್ರೆ ನಕ್ಕು, ನಾಳೆ ಮುಕ್ಕಾಲು ಗಂಟೆ ತಡ ಮಾಡಿ ಬನ್ನಿ ಅಂದ್ರು. ಇಳಿತ ದಿನಾ ಸುಮಾರು 50 ನಿಮಿಷ ತಡವಾಗತ್ತಂತೆ, ಅವರ ಅಡುಗೆ, ಮಕ್ಕಳ ಸ್ಕೂಲು, ಸಂತೆ ಎಲ್ಲಾ ಅದ್ರ ಜೊತೇಗೇ ಸರಿಯುತ್ತೆ. ವಿಲ್ಲಾದಲ್ಲಿ ಅಡುಗೆ ಮಾಡೋ ಅಕ್ಕ ಆ ಏಳಕ್ಕೆ ತಾವು ತಂದಿದ್ದನ್ನೂ ಸೇರಿಸಿ ಕಾಯಿ ಮಸಾಲೆ ಹಾಕಿ ಮಾಡಿಕೊಟ್ರು, ಅಪ್ಪ ಎರಡು ಸಲ ಹಾಕಿಸ್ಕೊಂಡ್ರು.

ಅಲ್ಲಿಂದ ದೋಣೀಲಿ ಆಚೆ ದಡದ ತದಡಿಗೆ ಹೋಗಿ ಆಟೋ ಹಿಡಿದು ಸಾಣಿಕಟ್ಟಾ ನೋಡಿದ್ವಿ. ಉಪ್ಪಿನ ಆಗರ. ನಾವು ಜ್ಞಾನದ ಆಗರ ಅಂತೆಲ್ಲಾ ಬರೀತೀವಲ್ಲ, ಇಲ್ಲಿ ಆಗರ ಅಂದ್ರೆ ಉಪ್ಪು ಬೆಳೆಯೋ ಗದ್ದೆ. ಉಬ್ಬರದ ನೀರನ್ನ ಕಾಲುವೇಲಿ ಒಳಗೆ ಬಿಟ್ಟು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸ್ತಾ ಬಿಸಿಲಿಗೆ ಗಟ್ಟಿ ಮಾಡ್ತಾರೆ, ಕೊನೇ ಮಡೀಲಿ ಉಪ್ಪು ಕಟ್ಟತ್ತೆ. ಉದ್ದ ಕೋಲಿನ ಹಲಗೇಲಿ ಎಳೀವಾಗ ಸರಸರ ಅಂತ ಸದ್ದು ಬರತ್ತೆ, ಒದ್ದೆ ಉಪ್ಪು ಮೊದಲು ಬೂದು ಬಣ್ಣ, ಗುಡ್ಡೆ ಹಾಕಿ ಒಣಗಿದ ಮೇಲೆ ಬೆಳ್ಳಗಾಗತ್ತೆ. ಸುಡೋ ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ಮಾಡೋ ಕೆಲ್ಸ ಅದು. ಅಡುಗೆಮನೆ ಡಬ್ಬಿಯಿಂದ ಚಿಟಿಕೆ ತೆಗೆಯುವಾಗ ಇಷ್ಟು ವರ್ಷ ನಂಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ.

ಮಿರ್ಜಾನ್ ಕೋಟೆಗೂ ಹೋಗಿದ್ವಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಹೆಸರು ಹೇಳೋ ಕೋಟೆ, ಚಿರೆಕಲ್ಲಿನ ಗೋಡೆ ಮೇಲೆಲ್ಲಾ ಪಾಚಿ. ಬಿಸಿಲಿಗೆ ಬೇಗ ವಾಪಸ್ ಬಂದ್ವಿ, ಅದನ್ನ ನೀನೇ ನೋಡು.

ಒಂದು ಮಾತು ಮಾತ್ರ ಮನಸ್ಸಿಗೆ ಕೊರೀತಿದೆ. ನದಿ ಕಡಲು ಸೇರೋ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟೀಲಿ, ಅಂದ್ರೆ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ಪಟ್ಟೀಲಿ, ಜಾಗ ಸಿಕ್ಕಿದೆ, ಇಲ್ಲಿಯ ಗಜನಿ ಅನ್ನೋ ತಗ್ಗು ಗದ್ದೇಲಿ ಉಪ್ಪುನೀರು ತಡ್ಕೊಂಡು ಬೆಳೆಯೋ ಕಗ್ಗ ಅಂತ ಭತ್ತ ಇದೆ, ಇದೆಲ್ಲಾ ನೀರು ಚೆನ್ನಾಗಿದ್ರೆ ಮಾತ್ರ. ಆದ್ರೆ ನಾವಿದ್ದ ಸಾಲಿನ ಮನೆಗಳ ಹಿಂದೇನೇ ಪ್ಲಾಸ್ಟಿಕ್ ಬಾಟ್ಲು, ಚಿಪ್ಸ್ ಕವರು ರಾಶಿ ಬಿದ್ದಿತ್ತು, ಎಲ್ಲಾ ನಮ್ಮಂಥ ಗೆಸ್ಟ್‌ಗಳದ್ದೇ. ನಾವು ನಮ್ಮ ಕಸ ಚೀಲ ಕಟ್ಟಿ ಕಾರಲ್ಲಿ ವಾಪಸ್ ತಂದ್ವಿ. ನೀನು ಬುಕ್ ಮಾಡೋವಾಗ ಪೂಲ್ ಇದ್ಯಾ ಅಂತ ಕೇಳ್ತೀಯಲ್ಲ, ಹಾಗೇ ಕಸ ಎಲ್ಲಿ ಹಾಕ್ತೀರಾ, ಕೊಳಚೆ ನೀರು ಎಲ್ಲಿ ಬಿಡ್ತೀರಾ ಅಂತಾನೂ ಕೇಳಮ್ಮ, ಕೇಳೋವ್ರು ಜಾಸ್ತಿ ಆದ್ರೆ ಅವ್ರೂ ಸರಿ ಮಾಡ್ತಾರೆ.

ಡಿಸೆಂಬರ್ ರಜಕ್ಕೆ ಮಗೂನ ಕರ್ಕೊಂಡು ಬಾ, ಎಲ್ರೂ ಹೋಗೋಣ. ಮಳೆಗಾಲದಲ್ಲಿ ಬೇಡ, ಆಗ ಕಡಲಿಗೆ ಇಳಿಯೋ ಹಾಗಿಲ್ಲ. ಬೆಳಿಗ್ಗೆ ಎದ್ದ ಕೂಡ್ಲೇ ಮೊಬೈಲ್ ಕೊಡ್ಬೇಡ ಅವ್ನಿಗೆ, ಇಳಿತ ಎಷ್ಟು ಹೊತ್ತಿಗೆ ಅಂತ ಅಕ್ಕನ್ನ ಕೇಳ್ಕೊಂಡು ಬಾ ಅಂತ ಕಳಿಸು.

ಹೈವೇ ಪಕ್ಕ ಕುಮಟಾ ಸಿಹಿ ಈರುಳ್ಳಿ ಜಡೆ ಹೆಣೆದು ತೂಗುಹಾಕಿ ಮಾರ್ತಿದ್ರು, ಎರಡು ಜಡೆ ತಂದಿದೀನಿ. ಒಂದು ನಿಂಗೆ, ಜೊತೆಗೆ ಸಾಣಿಕಟ್ಟಾ ಉಪ್ಪು ಎರಡು ಕೆಜಿ, ಸೋಮವಾರ ಕೊರಿಯರ್ ಮಾಡ್ತೀನಿ. ಮಾವಿನಮಿಡಿ ಉಪ್ಪಿಗೆ ಹಾಕೋವಾಗ ಪ್ಯಾಕೆಟ್ ಪುಡಿ ಉಪ್ಪು ಬೇಡ, ಇದನ್ನೇ ಹಾಕು.

ನಿನ್ನ ಅಮ್ಮ