ಮಳೆ ಬಿಟ್ಮೇಲೆ ಮಕ್ಕಳ ಜೊತೆ ಏನೇನು ಮಾಡ್ಬೋದು

ಟೀಚರ್ಸ್ ಎಲ್ರಿಗೂ ನಮಸ್ಕಾರ. ದಸರಾ ರಜೆ ಮುಗೀತಿದ್ದಂಗೆ ಹಳದಿ ಕೆಂಪು ಮೇಪಲ್ ಎಲೆ ಇರೋ ವರ್ಕ್‌ಶೀಟ್‌ಗಳು ಫಾರ್ವರ್ಡ್ ಆಗೋಕೆ ಶುರುವಾಗುತ್ತೆ, ನೋಡೋಕೆ ಚಂದ, ಆದ್ರೆ ನಮ್ಮ ಕೊಡಗಲ್ಲಿ ಅಕ್ಟೋಬರ್‌ನಲ್ಲಿ ಎಲೆ ಉದುರಲ್ಲ, ತೋಟದ ಹಾಲುವಾಣ ಬೋಳಾಗೋದು ಬೇಸಿಗೆ ಹತ್ರ ಬಂದಾಗ, ಆದ್ರಿಂದ ಮಕ್ಳಿಗೆ ಕಣ್ಣೆದುರು ಇರೋದನ್ನೇ ತೋರಿಸೋಣ ಪ್ಲೀಸ್.

ನನ್ನ ಫೇವರಿಟ್ ಬೂದು ಸಿಪಿಲೆ ಅನ್ನೋ ಪುಟ್ಟ ಹಕ್ಕಿ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯೋಕೆ ಸೆಪ್ಟೆಂಬರ್ ಹೊತ್ತಿಗೇ ಬರುತ್ತೆ, ತೋಡಿನ ಪಕ್ಕ ಹಳದಿ ಹೊಟ್ಟೆ, ಸದಾ ಬಾಲ ಆಡಿಸ್ತಿರುತ್ತೆ, ಒಂದನೇ ಕ್ಲಾಸಿನ ಮಗೂನೂ ಗುರುತು ಹಿಡಿಯುತ್ತೆ. ಮೊದಲು ಕಂಡ ದಿನಾನ ಗೋಡೆ ಕ್ಯಾಲೆಂಡರಲ್ಲಿ ಬರೆಸಿ, ವರ್ಷ ವರ್ಷ ಹೋಲಿಸ್ಬೋದು. ಕೂಗಿಂದ ಹಕ್ಕಿ ಹುಡ್ಕೋಕೆ ಮರ್ಲಿನ್ ಆಪ್ ಫ್ರೀ.

ಸೀಸನ್‌ವಾಚ್ ಅಂತ ಮರಗಳನ್ನ ಗಮನಿಸೋ ಒಂದು ಯೋಜನೆ ಇದೆ, ಶಾಲೆ ಹತ್ರದ ಒಂದು ಮರ ಆರಿಸ್ಕೊಂಡು ಪ್ರತಿ ವಾರ ಚಿಗುರು, ಹೂವು, ಕಾಯಿ ನೋಟ್ ಮಾಡೋದು ಅಷ್ಟೇ, ಇದನ್ನ ಮಾತ್ರ ದಯವಿಟ್ಟು ಶುರು ಮಾಡಿ.

ದೊಡ್ಡ ಮಕ್ಳಿಗೆ: ಹಸಿರೆಲೆ ಜಜ್ಜಿ ಸರ್ಜಿಕಲ್ ಸ್ಪಿರಿಟ್‌ಗೆ ಹಾಕಿ ಫಿಲ್ಟರ್ ಪೇಪರ್ ಪಟ್ಟಿ ಇಳಿಬಿಟ್ರೆ ಹಸಿರಿನ ಜೊತೆ ಅಡಗಿರೋ ಹಳದೀನೂ ಮೇಲೇರುತ್ತೆ. ಚಳಿ ದೇಶದಲ್ಲಿ ಹಸಿರು ಕರಗಿದಾಗ ಕಾಣೋದು ಇದೇ ಹಳದಿ, ಕೆಂಪು ಮಾತ್ರ ಎಲೆ ಹೊಸದಾಗಿ ತಯಾರಿಸೋದು. ಸ್ಪಿರಿಟ್ ಹತ್ರ ಬೆಂಕಿ ಬೇಡ್ವೇ ಬೇಡ.

ಗದ್ದೆ ಬದಿಗೆ ಕರ್ಕೊಂಡು ಹೋಗೋರು ತೆನೆ ತುಳಿಯದಂಗೆ ನೋಡ್ಕೊಳ್ಳಿ, ಜಿಗಣೆ ಇನ್ನೂ ಇರುತ್ತೆ, ಉದ್ದ ಸಾಕ್ಸ್ ಹೇಳಿ.