ಬೆರಳು ಎಷ್ಟು ಮಡಚುತ್ತದೆ ಅಂತ ಚೀಟಿಯಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ಕಬ್ಬು ಕಡಿಯುವ ಹಂಗಾಮು ಶುರುವಾದರೆ ಸಾಕು, ಕುಡಗೋಲು ತಾಗಿ ಬೆರಳಿನ ಟೆಂಡನ್, ಅಂದರೆ ಬೆರಳನ್ನು ಎಳೆದು ಮಡಚುವ ಹುರಿ, ತುಂಡಾದವರು ಜಮಖಂಡಿ, ಮುಧೋಳ ಕಡೆಯಿಂದ ಬರುತ್ತಾರೆ. ರಬಕವಿ-ಬನಹಟ್ಟಿಯ ಮಗ್ಗದವರೂ ಇರುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ಹೊಲಿಗೆ ಹಾಕುವ ಡಾಕ್ಟರ ಮೇಲೆ ನನ್ನ ತಕರಾರಿಲ್ಲ, ತಕರಾರು ಇರುವುದು ಆಮೇಲಿನ ಚೀಟಿಯ ಮೇಲೆ. 'ಬೆರಳು ಆಡುತ್ತಿದೆ, ಸುಧಾರಿಸಿದೆ' ಅಂತ ಬರೆದು ಕಳಿಸುತ್ತಾರೆ. ಎಷ್ಟು ಆಡುತ್ತಿದೆ? ಹೋದ ಸಲಕ್ಕಿಂತ ಜಾಸ್ತಿಯೋ, ಕಡಿಮೆಯೋ? ಅದೇ ಗೊತ್ತಾಗುವುದಿಲ್ಲ.

ಅಳೆಯುವುದು ದೊಡ್ಡ ಕೆಲಸವೇನಲ್ಲ. ಗೋನಿಯೋಮೀಟರ್ ಅಂದರೆ ಎರಡು ತೋಳಿನ ಕೋನಮಾಪಕ, ಅಷ್ಟೇ. ರೋಗಿ ತಾನೇ ಬೆರಳು ಮಡಚಬೇಕು. ನಡುವಿನ ಗೆಣ್ಣು, ತುದಿಯ ಗೆಣ್ಣು ಎಷ್ಟೆಷ್ಟು ಡಿಗ್ರಿ ಮಡಚಿದವು ಅಂತ ಕೂಡಿಸಿ, ಪೂರ್ತಿ ನೆಟ್ಟಗಾಗಲು ಎಷ್ಟು ಡಿಗ್ರಿ ಕಡಿಮೆ ಬಿತ್ತೋ ಅಷ್ಟನ್ನು ಕಳೆದು, ಉಳಿದದ್ದು 175ರಲ್ಲಿ (ಸರಿಯಿರುವ ಬೆರಳಿನ ಈ ಎರಡು ಗೆಣ್ಣು ಸೇರಿ ಮಡಚುವ ಡಿಗ್ರಿ) ಶೇಕಡಾ ಎಷ್ಟು ಅಂತ ನೋಡಬೇಕು. ಇದು ಸ್ಟ್ರಿಕ್‌ಲ್ಯಾಂಡ್ ಲೆಕ್ಕ. 90 ಮತ್ತು 40 ಮಡಚಿ, 15 ಕಡಿಮೆ ಬಿದ್ದರೆ 115, ಅಂದರೆ ಸುಮಾರು ಶೇ 66. ಈ ಲೆಕ್ಕದಲ್ಲಿ ಶೇ 85 ಮತ್ತು ಮೇಲಿದ್ದರೆ ಅತ್ಯುತ್ತಮ, 50ರ ಕೆಳಗಿದ್ದರೆ ಕಳಪೆ, 66 ಬರೀ ಸಾಧಾರಣ. ಇನ್ನೊಂದು ಮಾತು, ನಾವು ಹಿಡಿದು ಮಡಚಿದರೆ ಪೂರ್ತಿ ಮಡಚುವ ಬೆರಳು ಅವರೇ ಮಡಚಿದಾಗ ಅರ್ಧಕ್ಕೆ ನಿಂತರೆ ಟೆಂಡನ್ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡಿರಬಹುದು. ಹಿಂದಿನ ದಿನ ಆಡುತ್ತಿದ್ದದ್ದು ಏಕಾಏಕಿ ನಿಂತರೆ ಹೊಲಿಗೆ ಕಿತ್ತಿರಬಹುದು. ಅಳತೆ ಬರೆದಿಡದಿದ್ದರೆ ಇದನ್ನು ಹಿಡಿಯುವುದು ಹೇಗೆ?

ಆದರೆ ಡಿಗ್ರಿ ಒಂದೇ ಸಾಲದು. ಬೆರಳು ಚೆನ್ನಾಗಿ ಮಡಚಿದರೂ ಕುಡಗೋಲು ಹಿಡಿಯುವ ಬಲ ಇರುವುದಿಲ್ಲ. ಡೈನಮೋಮೀಟರ್‌ನಿಂದ ಮುಷ್ಟಿಯ ಬಲ ನೋಡಬೇಕು, ಅದೂ ಸುಮಾರು 12 ವಾರದ ನಂತರ, ಬೇಗ ಹಿಸುಕಿಸಿದರೆ ಹೊಲಿಗೆಗೇ ಅಪಾಯ. ಜೊತೆಗೆ ಕೈಯಿಂದ ದಿನದ ಕೆಲಸ ಎಷ್ಟು ಆಗುತ್ತದೆ ಅಂತ ರೋಗಿಯನ್ನೇ ಕೇಳುವ, ಕ್ವಿಕ್ ಡ್ಯಾಶ್ ಅಂತ 11 ಪ್ರಶ್ನೆಗಳ ಪಟ್ಟಿಯೂ ಇದೆ. ಅದರಲ್ಲೊಂದು, ಊಟ ಕತ್ತರಿಸಲು ಚಾಕು ಬಳಸಲು ಆಗುತ್ತದೆಯೇ ಅಂತ! ನಮ್ಮ ಕಡೆ ಯಾರು ಚಾಕು ಹಿಡಿದು ಊಟ ಮಾಡುತ್ತಾರೆ? ಪಟ್ಟಿಯನ್ನು ಹಾಗೇ ಕೇಳಿ, ಬೇಡ ಅನ್ನುವುದಿಲ್ಲ, ಕೆಳಗೆ ರೊಟ್ಟಿ ಬಡಿಯಲು, ಎಮ್ಮೆ ಹಿಂಡಲು, ಮಗ್ಗದ ನೂಲು ಗಂಟು ಹಾಕಲು ಆಗುತ್ತದೆಯೇ ಅಂತಲೂ ಬರೆದುಕೊಳ್ಳಿ.

ಜಿಲ್ಲೆಯ ಆರೋಗ್ಯಾಧಿಕಾರಿಗಳು ಇದಕ್ಕೊಂದು ಪುಟದ ನಮೂನೆ ಮಾಡಿ ತಾಲೂಕು ಆಸ್ಪತ್ರೆಗಳಿಗೆ ಕಳಿಸಲಿ. ಬೆರಳಿಗೆ ಆಸರೆಯಾಗಿ ಕಟ್ಟಿದ ಪಟ್ಟಿ (ಸ್ಪ್ಲಿಂಟ್) ತೆಗೆದಾಗ, 12ನೇ ವಾರ, 6ನೇ ತಿಂಗಳು ತುಂಬಲಿ. ಕೂಲಿ ಬಿಟ್ಟು ಸುಮ್ನೆ ಅಳತೆ ಕೊಡಲು ಯಾರೂ ಬರುವುದಿಲ್ಲ, ಆದ್ದರಿಂದ ಫೋನ್ ಮಾಡಿ ಕರೆಯಲಿ, ಬಸ್ ಖರ್ಚನ್ನೂ ಕೊಡಲಿ.

— ಒಬ್ಬ ಫಿಸಿಯೋಥೆರಪಿಸ್ಟ್, ಜಮಖಂಡಿ